ಬ್ರ್ಯಾಂಡ್ ನಿರ್ಧಾರಕ್ಕೆ ಕಣ್ಣು ನಂಬೋದಾ, ಅಂಕಿ ನಂಬೋದಾ? ಯಾವಾಗ ಯಾವ ದಾರಿ ಅಂತ ಒಂದು ಹೋಲಿಕೆ

ಯಾರದ್ದಾದ್ರೂ ಹಳೇ ನೋಟ್‌ಬುಕ್ ಸಿಕ್ಕಿದ್ರೆ, ಅವ್ರನ್ನ ಕೇಳಿ ಒಂದ್ಸಲ ಕೊನೇ ಪುಟ ತೆಗ್ದು ನೋಡಿ. ಮೊದಲ್ನೇ ಪುಟದಲ್ಲಿ ಹೆಸರು, ತಾರೀಖು, ತಲೆಬರಹದ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ, ಅಕ್ಷರ ಅಂತೂ ಮುತ್ತು ಪೋಣಿಸಿದಂಗೆ ಇರುತ್ತೆ. ಕೊನೇ ಪುಟದಲ್ಲಿ? ಪೆನ್ ಬರೀತಿದ್ಯಾ ಅಂತ ನೋಡೋಕೆ ಗೀಚಿದ ಸುರುಳಿಗಳು, ಯಾರ್ದು ಅಂತ ಬರೀದೇ ಬಿಟ್ಟಿರೋ ಫೋನ್ ನಂಬರು, ಅರ್ಧಕ್ಕೆ ನಿಂತ ಕೂಡೋ ಲೆಕ್ಕ, ಯಾವ್ದೋ ಮೀಟಿಂಗಲ್ಲಿ ಬೇಜಾರಾಗಿ ಬಿಡಿಸಿದ ಹೂವು. ನಾನು ಕೆಲ್ಸ ಮಾಡೋದು ಚಿಕ್ಕ ಚಿಕ್ಕ ಬ್ರ್ಯಾಂಡ್‌ಗಳ ಜೊತೆ, ಹೆಸರು ಏನಿಡೋದು, ಪ್ಯಾಕ್ ಹೆಂಗಿರ್ಬೇಕು, ಯಾರ ಜೊತೆ ಏನ್ ಮಾತಾಡ್ಬೇಕು ಅಂತ ತೀರ್ಮಾನ ಮಾಡೋ ಕೆಲ್ಸ, ಒಂದು ನೋಟ್‌ಬುಕ್ ಬ್ರ್ಯಾಂಡಿನ ಕೆಲ್ಸ ಬಂದಾಗ ಈ ಕೊನೇ ಪುಟ ನನ್ನ ತಲೇಲಿ ಕೂತ್ಬಿಡ್ತು. ಜನ ಒಂದು ಪುಸ್ತಕನ ಎರಡು ಪುಸ್ತಕದ ಥರ ಬಳಸ್ತಾರೆ, ಮುಂದಿಂದ ನೀಟಾಗಿ, ಹಿಂದಿಂದ ರಫ್ ಆಗಿ. ಹಂಗಿದ್ಮೇಲೆ ಬ್ರ್ಯಾಂಡ್ ಮಾತಾಡ್ಬೇಕಾಗಿರೋದು ಇದನ್ನೇ ಅಲ್ವಾ ಅಂತ ನಂಗೆ ಅನ್ನಿಸ್ತು.

ಟೀಮಲ್ಲಿ ಲೆಕ್ಕದಲ್ಲಿ ಗಟ್ಟಿಯಾಗಿರೋರು ಒಬ್ಬರಿದ್ದಾರೆ, ಅವ್ರು ಕೇಳಿದ್ದು ಒಂದೇ ಮಾತು. "ಬಳಸೋರು ಇವ್ರು ಸರಿ, ಆದ್ರೆ ದುಡ್ಡು ಕೊಟ್ಟು ತಗೊಳ್ಳೋರೂ ಇವ್ರೇನಾ?" ಕೂತ್ಕೊಂಡು ಆರ್ಡರ್ ಶೀಟ್ ತೆಗ್ದು ನೋಡಿದ್ವಿ. ಬಿಲ್ ಒಬ್ಬರ ಹೆಸರಿಗೆ, ಪಾರ್ಸಲ್ ಇನ್ನೊಬ್ಬರ ವಿಳಾಸಕ್ಕೆ. ಒಂದೆರಡಲ್ಲ, ಕೆಳಗೆ ಇಳಿಸ್ತಾ ಹೋದಂಗೆ ಸಾಲು ಸಾಲಾಗಿ ಹಂಗೇ ಇತ್ತು, ಜೊತೇಲಿ ಇದ್ದ ಸಂದೇಶದ ಕಾಲಂನಲ್ಲಿ ಹುಟ್ಟುಹಬ್ಬದ ಶುಭಾಶಯ, ಹೊಸ ಕೆಲ್ಸಕ್ಕೆ ಆಲ್ ದಿ ಬೆಸ್ಟ್ ಅನ್ನೋ ಮಾತುಗಳು. ಅಂದ್ರೆ ದೊಡ್ಡ ಪಾಲು ಉಡುಗೊರೆ ಕೊಡೋರದ್ದು, ಕೊಡೋರಿಗೆ ಕೊನೇ ಪುಟ ಕಾಣೋದೇ ಇಲ್ಲ, ಅವ್ರ ಕಣ್ಣಿಗೆ ಬೀಳೋದು ಹೊದಿಕೆ ಮಾತ್ರ. ನಾನು ಕಣ್ಣಾರೆ ಕಂಡಿದ್ದು ಸುಳ್ಳಾಗಿರ್ಲಿಲ್ಲ, ಆದ್ರೆ ನಾವು ಮಾಡ್ಬೇಕಾಗಿದ್ದ ನಿರ್ಧಾರ ಬೇರೆ ಇತ್ತು. ಅದೇ ಶೀಟನ್ನ ಮಾತ್ರ ನೋಡ್ಕೊಂಡು ಕೂತಿದ್ರೆ ಇನ್ನೊಂದು ತಪ್ಪಾಗ್ತಿತ್ತು, ಪುಸ್ತಕದ ಒಳಗೆ ಏನು ನಡೀತಿದೆ ಅಂತ ಯಾವ ಕಾಲಮ್ಮಲ್ಲೂ ಬರ್ದಿರಲ್ಲ.

ಅವತ್ತಿಂದ ನಂಗೆ "ಕುತೂಹಲ ಒಳ್ಳೇದಾ ಡೇಟಾ ಒಳ್ಳೇದಾ" ಅನ್ನೋ ಪ್ರಶ್ನೆ ಸುಮ್ನೆ ಟೈಮ್ ವೇಸ್ಟ್ ಅನ್ಸುತ್ತೆ. ಕೇಳ್ಬೇಕಾಗಿರೋದು ಇದು: ನನ್ನ ಮುಂದಿರೋ ನಿರ್ಧಾರ ಏನು, ಯಾವ ಉತ್ತರ ಬಂದ್ರೆ ನಾನು ಅದನ್ನ ಬದಲಾಯಿಸ್ತೀನಿ, ಆ ಉತ್ತರ ಯಾವ ದಾರೀಲಿ ಸಿಗುತ್ತೆ. ಎಷ್ಟೋ ಜನ ಉಲ್ಟಾ ಮಾಡ್ತಾರೆ, ಕೈಗೆ ಸಿಕ್ಕ ದಾರಿ ಹಿಡೀತಾರೆ, ಸರ್ವೆ ಟೂಲ್ ಇದ್ರೆ ಸರ್ವೆ, ಅಂಕಿ ತೋರಿಸೋ ಡ್ಯಾಶ್‌ಬೋರ್ಡ್ ಇದ್ರೆ ಡ್ಯಾಶ್‌ಬೋರ್ಡ್, ಬಾಸ್‌ಗೆ ಮನುಷ್ಯರ ಜೊತೆ ಮಾತಾಡೋದು ಇಷ್ಟ ಅಂದ್ರೆ ಇಂಟರ್‌ವ್ಯೂ. ಆದ್ರಿಂದ ಕೆಳಗೆ ಒಂದೊಂದೇ ದಾರಿ ಇಟ್ಟು, ಅದು ಏನು ಕೊಡುತ್ತೆ ಏನು ಕೊಡಲ್ಲ ಅಂತ ಹೇಳ್ತೀನಿ, ಆಮೇಲೆ ಯಾವ ನಿರ್ಧಾರಕ್ಕೆ ಯಾವ್ದು ಅಂತ ನೋಡೋಣ.

ಸುಮ್ನೆ ನೋಡೋದು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಡಿಮೆ ಮರ್ಯಾದೆ ಸಿಗೋದೂ ಇದಕ್ಕೇ. ಜನ ಒಂದು ವಸ್ತುನ ಹೆಂಗೆ ಹಿಡ್ಕೋತಾರೆ, ಎಲ್ಲಿ ಇಡ್ತಾರೆ, ಎಲ್ಲಿ ತಡವರಿಸ್ತಾರೆ, ಕಂಪನಿ ಅಂದ್ಕೊಂಡಿರದ ಯಾವ ಕೆಲ್ಸಕ್ಕೆ ಬಳಸ್ತಾರೆ. ಇದರ ದೊಡ್ಡ ಲಾಭ ಅಂದ್ರೆ ನಿಮ್ಗೆ ಕೇಳೋಕೇ ಹೊಳೀದೇ ಇದ್ದ ಪ್ರಶ್ನೆ ಸಿಗುತ್ತೆ. ಸರ್ವೇಲಿ ನೀವು ಬರ್ದಿರೋ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತೆ, "ನೀವು ಕೊನೇ ಪುಟದಲ್ಲಿ ಏನ್ ಬರೀತೀರ" ಅಂತ ಯಾರು ತಾನೇ ಸರ್ವೇಲಿ ಕೇಳ್ತಾರೆ, ಒಂದ್ಸಲ ನೋಡಿರ್ಬೇಕು ಅಷ್ಟೆ.

ಪೋಸ್ಟ್-ಇಟ್ ಚೀಟಿ ಕಥೆ ಇದಕ್ಕೆ ಒಳ್ಳೇ ಉದಾಹರಣೆ. 3ಎಂ ಕಂಪನೀಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಅಂಟದ, ಅಂಟಿಸಿ ಕೀಳ್ಬಹುದಾದ ಗೋಂದು ಮಾಡಿದ್ರು, ಅದನ್ನ ಯಾತಕ್ಕೆ ಬಳಸೋದು ಅಂತ ವರ್ಷಗಟ್ಟಲೆ ಯಾರಿಗೂ ಹೊಳೀಲಿಲ್ಲ. 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈ ಚರ್ಚಲ್ಲಿ ಹಾಡೋವಾಗ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಪದೇ ಪದೇ ಬಿದ್ದು ಹೋಗೋದು ನೋಡಿ ಆ ಗೋಂದು ನೆನಪು ಮಾಡ್ಕೊಂಡ್ರು. ಒಂದು ಚಿಕ್ಕ ಕಿರಿಕಿರಿ, ಅದನ್ನ "ಇದು ಯಾಕೆ ಹಿಂಗೆ" ಅಂತ ಕೇಳ್ಕೊಂಡ ಒಬ್ಬ ಮನುಷ್ಯ. ಈ ಕಥೆಯ ಮುಂದಿನ ಭಾಗ ಇನ್ನೂ ಮುಖ್ಯ, ಅದಕ್ಕೆ ಕೆಳಗೆ ಬರ್ತೀನಿ.

ನೋಡೋದರ ಮಿತಿ ಏನು ಅಂದ್ರೆ, ಎಷ್ಟು ಜನ ಹಿಂಗೆ ಮಾಡ್ತಾರೆ ಅನ್ನೋದು ಗೊತ್ತಾಗಲ್ಲ, ಆಮೇಲೆ ನೀವು ನೋಡೋರೆಲ್ಲ ನಿಮ್ಮ ಸುತ್ತಮುತ್ತ ಇರೋರೇ, ಅಂದ್ರೆ ಒಂದು ರೀತೀಲಿ ನಿಮ್ಮಂತೋರೇ. ಲೆಕ್ಕ ಬೇಕಾದ್ರೆ ಇಲ್ಲಿದೆ: ಹತ್ತರಲ್ಲಿ ಒಬ್ಬರಿಗೆ ಬರೋ ತೊಂದರೆ ಅಂತ ಇಟ್ಕೊಳ್ಳಿ, ನೀವು ಐದು ಜನರನ್ನ ನೋಡಿದ್ರೆ ಆ ತೊಂದರೆ ನಿಮ್ಮ ಕಣ್ಣಿಗೆ ಒಮ್ಮೆಯೂ ಬೀಳದೇ ಇರೋ ಸಾಧ್ಯತೆ ಸುಮಾರು 59 ಪರ್ಸೆಂಟ್. ಇಪ್ಪತ್ತು ಜನರನ್ನ ನೋಡಿದ್ರೆ ಅದು 12 ಪರ್ಸೆಂಟ್‌ಗೆ ಇಳಿಯುತ್ತೆ. ವೆಬ್‌ಸೈಟ್ ಬಳಕೆ ಪರೀಕ್ಷೆ ಬಗ್ಗೆ ಆ ವಿಷಯದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ "ಐದು ಜನ ಸಾಕು, 85 ಪರ್ಸೆಂಟ್ ತೊಂದರೆ ಸಿಗುತ್ತೆ" ಅನ್ನೋ ಮಾತನ್ನ ಎಲ್ಲರೂ ಎಲ್ಲಾದಕ್ಕೂ ಅನ್ವಯಿಸ್ತಾರೆ, ಆ ಲೆಕ್ಕ ನಿಂತಿರೋದು ಒಂದೊಂದು ತೊಂದರೆಯೂ ಸುಮಾರು 31 ಪರ್ಸೆಂಟ್ ಜನರಿಗೆ ಎದುರಾಗುತ್ತೆ ಅನ್ನೋ ಅಂದಾಜಿನ ಮೇಲೆ. ಅಪರೂಪದ್ದು ಬೇಕಾದ್ರೆ ಐದು ಜನ ಸಾಲಲ್ಲ.

ಇನ್ನೊಂದು ಮಾತು, ಫೋಟೋ ತೆಗೀಬೇಕು ಅಂದ್ರೆ ಕೇಳಿ ತೆಗೀರಿ, ಹೆಸರು ಬರ್ಕೋಬೇಡಿ. ಗೊತ್ತಿಲ್ಲದೇ ಒಬ್ಬರ ಬದುಕನ್ನ ನಮ್ಮ ಸ್ಲೈಡ್‌ಗೆ ಹಾಕೋದು ಸರಿಯಲ್ಲ, ಅದು ಎಷ್ಟೇ ಚೆನ್ನಾಗಿರೋ ಒಳನೋಟ ಕೊಟ್ರೂ ಸರಿಯಲ್ಲ.

ಮಾತಾಡಿಸೋದು

ನೋಡಿದ್ರೆ ಏನ್ ಮಾಡ್ತಾರೆ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗೋಕೆ ಮಾತಾಡಿಸ್ಬೇಕು. ಆದ್ರೆ "ಯಾಕೆ" ಅಂತ ನೇರವಾಗಿ ಕೇಳಿದ್ರೆ ಜನ ಮರ್ಯಾದಸ್ತ ಉತ್ತರ ಕೊಡ್ತಾರೆ, ಸುಳ್ಳು ಹೇಳ್ಬೇಕು ಅಂತ ಅಲ್ಲ, ಅವ್ರಿಗೇ ನಿಜವಾದ ಕಾರಣ ಗೊತ್ತಿರಲ್ಲ.

ಮೇಸನ್ ಹೇರ್ ಅನ್ನೋ ಸಂಶೋಧಕರು 1950ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಇವತ್ತಿಗೂ ನಾನು ಹೊಸಬರಿಗೆ ಮೊದಲು ಹೇಳೋದು ಇದನ್ನೇ. ಇನ್‌ಸ್ಟಂಟ್ ಕಾಫಿ ಯಾಕೆ ಇಷ್ಟ ಇಲ್ಲ ಅಂತ ಕೇಳಿದ್ರೆ ಹೆಂಗಸರು "ರುಚಿ ಹಿಡಿಸಲ್ಲ" ಅಂತಿದ್ರು. ಹೇರ್ ಏನ್ ಮಾಡಿದ್ರು, ಎರಡು ಸಾಮಾನು ಚೀಟಿ ತಯಾರಿಸಿದ್ರು, ಏಳು ಸಾಮಾನು, ಎರಡರಲ್ಲೂ ಎಲ್ಲಾ ಒಂದೇ, ಕಾಫಿ ಮಾತ್ರ ಬೇರೆ: ಒಂದರಲ್ಲಿ ನೆಸ್ಕೆಫೆ ಇನ್‌ಸ್ಟಂಟ್, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಪುಡಿ. ಒಬ್ಬರಿಗೆ ಒಂದೇ ಚೀಟಿ ಕೊಟ್ಟು "ಈ ಚೀಟಿ ಬರೆದ ಹೆಂಗಸು ಎಂಥವಳು ಹೇಳಿ" ಅಂದ್ರು. ಇನ್‌ಸ್ಟಂಟ್ ಇದ್ದ ಚೀಟಿ ನೋಡಿದೋರಲ್ಲಿ ಹೆಚ್ಚುಕಡಿಮೆ ಅರ್ಧ ಜನ "ಸೋಮಾರಿ" ಅಂದ್ರು, ಇನ್ನೊಂದು ಚೀಟಿ ನೋಡಿದೋರಲ್ಲಿ ಆ ಮಾತು ಬಂದಿದ್ದು ತೀರಾ ಕಡಿಮೆ. ರುಚಿಯ ಹಿಂದೆ ಇನ್ನೊಂದು ಕಾರಣ ಅಡಗಿ ಕೂತಿತ್ತು, "ನನ್ನನ್ನ ಜನ ಏನಂದ್ಕೋತಾರೋ" ಅನ್ನೋದು. ಕಂಪನಿ ಬರೀ ರುಚಿ ಸರಿ ಮಾಡ್ತಾ ಕೂತಿದ್ರೆ ಈ ಕಾರಣ ಹಂಗೇ ಉಳೀತಿತ್ತು.

ಹಂಗಾಗಿ ಮಾತಾಡಿಸೋವಾಗ ಅಭಿಪ್ರಾಯ ಕೇಳ್ಬೇಡಿ, ನಡೆದಿದ್ದು ಕೇಳಿ. "ನಿಮ್ಗೆ ಈ ಥರದ ಪುಸ್ತಕ ಇಷ್ಟ ಆಗುತ್ತಾ" ಅಂದ್ರೆ ಎದುರಿಗಿರೋರು ನಿಮ್ಮ ಮುಖ ನೋಡಿ ಹೂಂ ಅಂತಾರೆ. "ಹೋದ ಸಲ ತಗೊಂಡಿದ್ದು ಯಾವಾಗ, ಅವತ್ತು ಜೊತೇಲಿ ಯಾರಿದ್ರು, ಇನ್ನೇನೇನು ನೋಡಿ ಬಿಟ್ರಿ, ತಗೊಂಡು ಹೋದ್ಮೇಲೆ ಎಲ್ಲಿಟ್ರಿ" ಅಂತ ಕೇಳಿದ್ರೆ ಕಥೆ ಹೊರಗೆ ಬರುತ್ತೆ. ಸಾಧ್ಯ ಆದ್ರೆ ತೋರಿಸಿ ಅನ್ನಿ. "ನೀವು ನೋಟ್‌ಬುಕ್ ಹೆಂಗೆ ಬಳಸ್ತೀರ" ಅಂದಾಗ ಒಬ್ಬರು ನಂಗೆ ಅಚ್ಚುಕಟ್ಟಾಗಿ ಐದು ನಿಮಿಷ ವಿವರಿಸಿದ್ರು, ಆಮೇಲೆ ಬ್ಯಾಗಿಂದ ಪುಸ್ತಕ ತೆಗ್ದು ತೋರಿಸಿದಾಗ ಅದರಲ್ಲಿ ಅವ್ರು ಹೇಳಿದ್ದು ಒಂದೂ ಇರ್ಲಿಲ್ಲ, ಮಧ್ಯದ ಪುಟಗಳು ಖಾಲಿ, ಎರಡೂ ತುದಿ ಮಾತ್ರ ತುಂಬಿತ್ತು.

ಎಂಟು ಹತ್ತು ಜನರ ಜೊತೆ ಸರಿಯಾಗಿ ಮಾತಾಡಿದ್ರೆ ಕೇಳಿದ್ದೇ ಕೇಳ್ತಿದೀವಿ ಅನ್ಸೋಕೆ ಶುರುವಾಗುತ್ತೆ. ಅದು ಒಳ್ಳೇ ಸೂಚನೆ, ಆದ್ರೆ ಹತ್ತರಲ್ಲಿ ಏಳು ಜನ ಹಿಂಗಂದ್ರು ಅಂತ ಅದನ್ನ 70 ಪರ್ಸೆಂಟ್ ಅಂತ ಸ್ಲೈಡ್ ಮೇಲೆ ಹಾಕೋದು ದೊಡ್ಡ ತಪ್ಪು.

ಸರ್ವೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಜನ ಅತಿ ಹೆಚ್ಚು ನಂಬೋದೂ ಇದನ್ನೇ, ಎಡವೋದೂ ಇಲ್ಲೇ.

ಸರ್ವೆ "ಎಷ್ಟು" ಅನ್ನೋದಕ್ಕೆ. ಕೊನೇ ಪುಟ ರಫ್‌ಗೆ ಬಳಸೋರು ನೂರಕ್ಕೆ ಎಷ್ಟು, ನಮ್ಮ ಹೆಸರು ಕೇಳಿರೋರು ಎಷ್ಟು, ಅಂಥಾದ್ದು. ಎಷ್ಟು ಜನರನ್ನ ಕೇಳ್ಬೇಕು ಅಂದ್ರೆ, ಸ್ಯಾಂಪಲ್ (ಅಂದ್ರೆ ಎಲ್ಲರ ಪರವಾಗಿ ಕೇಳೋಕೆ ಆರಿಸ್ಕೊಂಡ ಜನ) ಸರಿಯಾಗಿ ಆರಿಸಿದ್ರೆ ಸುಮಾರು 400 ಜನಕ್ಕೆ ಆಚೆ ಈಚೆ 5 ಪರ್ಸೆಂಟ್ ತಪ್ಪು, ಸುಮಾರು 1,000 ಜನಕ್ಕೆ 3 ಪರ್ಸೆಂಟ್. ತಪ್ಪನ್ನ ಅರ್ಧ ಮಾಡ್ಬೇಕು ಅಂದ್ರೆ ನಾಲ್ಕು ಪಟ್ಟು ಜನ ಬೇಕು, ಆದ್ರಿಂದ ಸಾವಿರ ದಾಟಿದ್ಮೇಲೆ ಖರ್ಚು ಜಾಸ್ತಿ ಲಾಭ ಕಡಿಮೆ. ಆದ್ರೆ ಈ ಲೆಕ್ಕ ಎಲ್ಲಾ "ಸರಿಯಾಗಿ ಆರಿಸಿದ್ರೆ" ಅನ್ನೋ ಮಾತಿನ ಮೇಲೆ ನಿಂತಿದೆ. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು ಅಂತಾರಲ್ಲ, ಅದು ಪಾತ್ರೆ ಚೆನ್ನಾಗಿ ಕಲಕಿದ್ರೆ ಮಾತ್ರ ನಿಜ, ಮೇಲೆ ಮೇಲೆ ಇರೋದನ್ನೇ ಸೌಟು ತುಂಬಾ ತೆಗ್ದು ನೋಡಿದ್ರೂ ತಳದಲ್ಲಿ ಏನಾಗಿದೆ ಗೊತ್ತಾಗಲ್ಲ.

1936ರ ಅಮೆರಿಕ ಅಧ್ಯಕ್ಷ ಚುನಾವಣೆ ನೆನಪಿಸ್ಕೊಳ್ಳಿ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಯಾರಿಗೆ ಓಟು ಅಂತ ಕೇಳೋ ಮಾದರಿ ಮತಪತ್ರ ಕಳಿಸ್ತು, 23 ಲಕ್ಷಕ್ಕೂ ಹೆಚ್ಚು ವಾಪಸ್ ಬಂತು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ತಾರೆ ಅಂತ ಹೇಳ್ತು. ಗೆದ್ದಿದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46 ಅವರ ಪಾಲಿಗೆ. ಜನಾಭಿಪ್ರಾಯ ಸಮೀಕ್ಷೆ ಮಾಡ್ತಿದ್ದ ಜಾರ್ಜ್ ಗ್ಯಾಲಪ್ ಅದಕ್ಕಿಂತ ತುಂಬಾ ಚಿಕ್ಕ ಸ್ಯಾಂಪಲ್ ಇಟ್ಕೊಂಡು ರೂಸ್‌ವೆಲ್ಟ್ ಗೆಲುವನ್ನ ಸರಿಯಾಗಿ ಹೇಳಿದ್ರು. ಡೈಜೆಸ್ಟ್ ಪಟ್ಟಿ ಬಂದಿದ್ದು ಫೋನ್ ಡೈರೆಕ್ಟರಿ, ಕಾರು ನೋಂದಣಿ ಅಂಥ ಕಡೆಯಿಂದ, ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಅವೆರಡೂ ಇದ್ದಿದ್ದು ಹೆಚ್ಚಾಗಿ ಅನುಕೂಲಸ್ಥರ ಹತ್ರ, ಅದರ ಮೇಲೆ ವಾಪಸ್ ಕಳಿಸೋ ಉತ್ಸಾಹ ಇದ್ದೋರು ಒಂದು ಥರದ ಜನ. ನಮ್ಮ ಕಾಲದಲ್ಲಿ ಇದೇ ತಪ್ಪು ಬೇರೆ ಬಟ್ಟೆ ಹಾಕ್ಕೊಂಡು ಬರುತ್ತೆ: ಬ್ರ್ಯಾಂಡಿನ ಫಾಲೋವರ್‌ಗಳಿಗೆ ಪೋಲ್ ಹಾಕೋದು. ನಾನೇ ಒಂದ್ಸಲ ಒಂದು ಬ್ರ್ಯಾಂಡಿಗೆ ಟ್ಯಾಗ್‌ಲೈನ್ ಹಂಗೇ ಆರಿಸಿದ್ದೆ, ಉತ್ತರ ಕೊಟ್ಟೋರೆಲ್ಲ ಮೊದಲೇ ಆ ಬ್ರ್ಯಾಂಡನ್ನ ಪ್ರೀತಿಸ್ತಿದ್ದೋರು, ಅವ್ರಿಗೆ ಒಳಗಿನ ಮಾತು ಅರ್ಥ ಆಗ್ತಿತ್ತು, ಹೊಸಬರಿಗೆ ಆ ಸಾಲು ಓದಿದ್ರೆ ಇದು ಏನ್ ಮಾರ್ತಾರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಆರು ತಿಂಗಳ ಕೆಲ್ಸ ವಾಪಸ್ ತಗೋಬೇಕಾಯ್ತು, ಆ ಬ್ರ್ಯಾಂಡ್ ಕಟ್ಟಿದೋರ ಮುಖ ಇನ್ನೂ ನೆನಪಿದೆ ನಂಗೆ.

ಸ್ಯಾಂಪಲ್ ಸರಿಯಿದ್ರೂ ಪ್ರಶ್ನೆ ತಪ್ಪಿರ್ಬಹುದು. ಕೋಕಾ-ಕೋಲಾ 1985ರ ಏಪ್ರಿಲ್ 23ಕ್ಕೆ ಹೊಸ ರುಚಿಯ ಕೋಕ್ ಬಿಡುಗಡೆ ಮಾಡೋ ಮುಂಚೆ ಸುಮಾರು 2 ಲಕ್ಷ ಜನರ ಹತ್ರ ರುಚಿ ಪರೀಕ್ಷೆ ಮಾಡಿಸಿತ್ತು, ಹೊಸದೇ ಚೆನ್ನಾಗಿದೆ ಅನ್ನೋರು ಜಾಸ್ತಿ ಇದ್ರು. 79 ದಿನಕ್ಕೆ, ಜುಲೈ 11ಕ್ಕೆ, ಹಳೇದನ್ನ ವಾಪಸ್ ತರ್ತೀವಿ ಅಂತ ಹೇಳ್ಬೇಕಾಯ್ತು. ಆ 2 ಲಕ್ಷ ಉತ್ತರ ಸುಳ್ಳಲ್ಲ, "ಯಾವ ಗುಟುಕು ರುಚಿ" ಅನ್ನೋದಕ್ಕೆ ಅದು ಸರಿಯಾದ ಉತ್ತರ. ಕಂಪನಿ ಮಾಡ್ತಿದ್ದ ನಿರ್ಧಾರ "ಹಳೇದನ್ನ ಕಿತ್ತು ಹಾಕೋಣ್ವಾ" ಅನ್ನೋದು, ಒಂದು ಗುಟುಕಿನ ರುಚಿ ಅದಕ್ಕೆ ಉತ್ತರ ಕೊಡಲ್ಲ. ಸರ್ವೆ ಫಾರ್ಮ್ ಬರ್ದಾದ್ಮೇಲೆ ಪಕ್ಕದಲ್ಲಿ ನಿಮ್ಮ ನಿರ್ಧಾರವನ್ನ ಒಂದು ಸಾಲಲ್ಲಿ ಬರ್ದು ಎರಡನ್ನೂ ಜೊತೆಗಿಟ್ಟು ಓದಿ, ಎಷ್ಟೋ ಸಲ ಎರಡಕ್ಕೂ ಸಂಬಂಧಾನೇ ಇರಲ್ಲ.

ಆಗ್ಲೇ ಬಿದ್ದಿರೋ ಡೇಟಾ

ಹುಡುಕಾಟದ ಶಬ್ದಗಳು, ರಿವ್ಯೂಗಳು, ದೂರುಗಳು, ರಿಟರ್ನ್ ಕಾರಣ, ಆರ್ಡರ್ ಶೀಟ್. ಯಾರನ್ನೂ ಏನೂ ಕೇಳ್ದೇ ಸಿಗುತ್ತೆ, ಜನ ನಮ್ಮನ್ನ ಮೆಚ್ಚಿಸೋಕೆ ಬರ್ದಿದ್ದಲ್ಲ, ತಮಗೋಸ್ಕರ ಮಾಡಿದ್ದು, ಅದಕ್ಕೇ ಸರ್ವೆಗಿಂತ ಎಷ್ಟೋ ಸಲ ನಿಜಕ್ಕೆ ಹತ್ತಿರ. ನನ್ನ ಕೇಳಿದ್ರೆ ಚಿಕ್ಕ ಬ್ರ್ಯಾಂಡಿಗೆ ಮೊದಲು ನೋಡ್ಬೇಕಾದ ಜಾಗ ಇದೇ. ಐದು ಸ್ಟಾರ್ ಮತ್ತೆ ಒಂದು ಸ್ಟಾರ್ ಬಿಟ್ಟು ಮೂರು ಸ್ಟಾರ್ ರಿವ್ಯೂ ಓದಿ, ಪ್ರೀತಿ ಸಿಟ್ಟು ಎರಡೂ ಕಡಿಮೆ ಇರೋದ್ರಿಂದ ವಿವರ ಅಲ್ಲಿರುತ್ತೆ. ಪ್ರತಿಸ್ಪರ್ಧಿಗಳ ರಿವ್ಯೂನೂ ಓದಿ. ಜನ ಬಳಸಿರೋ ಪದಗಳನ್ನ ಹಂಗೇ ಎತ್ತಿ ಒಂದು ಶೀಟಲ್ಲಿ ಇಟ್ಕೊಳ್ಳಿ, ನೋಟ್‌ಬುಕ್ ವಿಷಯದಲ್ಲಿ ನಾವು "ಪ್ರೀಮಿಯಂ ಪೇಪರ್" ಅಂತಿದ್ವಿ, ಜನ ಬರೀತಿದ್ದಿದ್ದು "ಇಂಕು ಹಿಂದಿನ ಪುಟಕ್ಕೆ ಇಳಿಯಲ್ಲ" ಅಂತ, ಅವ್ರ ಮಾತೇ ಸಾವಿರ ಪಾಲು ವಾಸಿ.

ಒಂದು ಶಬ್ದದ ಹುಡುಕಾಟ ಏರ್ತಿದ್ಯಾ ಇಳೀತಿದ್ಯಾ ಅಂತ ತೋರಿಸೋ ಗೂಗಲ್ ಟ್ರೆಂಡ್ಸ್ ಬಳಸೋರು ಒಂದು ವಿಷಯ ಗಮನಿಸಿ, ಅಲ್ಲಿರೋ 0ಯಿಂದ 100 ಅನ್ನೋದು ಎಷ್ಟು ಸಲ ಹುಡುಕಿದ್ರು ಅನ್ನೋ ಎಣಿಕೆ ಅಲ್ಲ. ಆ ಅವಧೀಲಿ ಆ ಶಬ್ದದ ಪಾಲು ಅತಿ ಹೆಚ್ಚು ಇದ್ದ ಹೊತ್ತನ್ನ 100 ಅಂತ ಇಟ್ಟು ಉಳಿದಿದ್ದನ್ನ ಅದಕ್ಕೆ ಹೋಲಿಸಿರ್ತಾರೆ. ಹಂಗಾಗಿ ಒಂದೇ ಶಬ್ದವನ್ನ ಒಂದೇ ಸಲ ಹಾಕಿ "ನೂರು ಬಂತು" ಅಂತ ಖುಷಿ ಪಡೋದ್ರಲ್ಲಿ ಅರ್ಥ ಇಲ್ಲ, ಎರಡು ಮೂರು ಶಬ್ದ ಜೊತೆಗೆ ಹಾಕಿ ಹೋಲಿಸ್ಬೇಕು, ಒಂದು ವರ್ಷ ಅಲ್ಲ ಐದು ವರ್ಷ ನೋಡ್ಬೇಕು, ಆಗ ಪ್ರತಿ ವರ್ಷ ಬಂದು ಹೋಗೋ ಸೀಸನ್ ಯಾವ್ದು ನಿಜವಾದ ಏರಿಕೆ ಯಾವ್ದು ಗೊತ್ತಾಗುತ್ತೆ.

ರಾಶಿ ಡೇಟಾ ಇದೆ ಅಂದ್ರೆ ತಪ್ಪಾಗಲ್ಲ ಅಂತಲೂ ಅಲ್ಲ. ಜನ ಹುಡುಕೋ ಶಬ್ದ ನೋಡಿ ಫ್ಲೂ ಜ್ವರ ಎಷ್ಟಿದೆ ಅಂತ ಅಂದಾಜು ಮಾಡೋ ಗೂಗಲ್ ಫ್ಲೂ ಟ್ರೆಂಡ್ಸ್ 2008ರಲ್ಲಿ ಶುರುವಾಯ್ತು, 2012-13ರ ಸೀಸನ್‌ನಲ್ಲಿ ಜ್ವರಕ್ಕೆ ಡಾಕ್ಟರ್ ಹತ್ರ ಹೋದೋರ ಪ್ರಮಾಣವನ್ನ ಸರ್ಕಾರಿ ಲೆಕ್ಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೋರಿಸ್ತು, 2015ರಲ್ಲಿ ನಿಂತೋಯ್ತು. ಜ್ವರ ಬಂದೋರೂ ಹುಡುಕ್ತಾರೆ, ಸುದ್ದಿ ನೋಡಿ ಭಯ ಬಿದ್ದೋರೂ ಹುಡುಕ್ತಾರೆ, ಶಬ್ದ ಎರಡಕ್ಕೂ ಒಂದೇ. ಬ್ರ್ಯಾಂಡಿಗೂ ಇದೇ ಕಥೆ, ನಿಮ್ಮ ಹೆಸರನ್ನ ಹುಡುಕೋರು ಏರಿದ್ರೆ ಅದು ಪ್ರೀತಿಯಿಂದಾನಾ, ಡೆಲಿವರಿ ಬರ್ಲಿಲ್ಲ ಅಂತ ದೂರು ಕೊಡೋಕಾ, ಗ್ರಾಫ್ ನೋಡಿದ್ರೆ ಗೊತ್ತಾಗಲ್ಲ.

ಇನ್ನೊಂದು ಮಿತಿ ಅಂದ್ರೆ, ಈ ಡೇಟಾದಲ್ಲಿ ಇರೋದು ಬಂದೋರ ಲೆಕ್ಕ ಮಾತ್ರ. ಬರದೇ ಹೋದೋರು ಯಾವ ಶೀಟಲ್ಲೂ ಇರಲ್ಲ.

ಮಾಡಿ ನೋಡೋದು

ಪರೀಕ್ಷೆ, ಅಂದ್ರೆ ಎ/ಬಿ ಟೆಸ್ಟ್ (ಬರೋ ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಹಳೇದು ಇನ್ನೊಂದಕ್ಕೆ ಹೊಸದು ತೋರಿಸಿ ಹೋಲಿಸೋದು), ಚಿಕ್ಕ ಜಾಗದಲ್ಲಿ ಮೊದಲು ಮಾರಿ ನೋಡೋದು, ಉಚಿತ ಸ್ಯಾಂಪಲ್ ಹಂಚೋದು. ಜನ ಏನ್ ಹೇಳ್ತಾರೆ ಅನ್ನೋದಲ್ಲ, ಏನ್ ಮಾಡ್ತಾರೆ ಅಂತ ನೇರವಾಗಿ ಗೊತ್ತಾಗುತ್ತೆ, ಆದ್ರಿಂದ ಇದರ ಮಾತಿಗೆ ತೂಕ ಜಾಸ್ತಿ.

ಪೋಸ್ಟ್-ಇಟ್ ಕಥೆಗೆ ವಾಪಸ್ ಬರ್ತೀನಿ. 1977ರಲ್ಲಿ "ಪ್ರೆಸ್ ಎನ್ ಪೀಲ್" ಅನ್ನೋ ಹೆಸರಲ್ಲಿ ಅಮೆರಿಕದ ನಾಲ್ಕು ಊರಲ್ಲಿ ಮಾರಿ ನೋಡಿದ್ರು, ಹೋಗ್ಲಿಲ್ಲ. ಅಂಕಿ ಪ್ರಕಾರ ಕಥೆ ಮುಗೀತು ಅನ್ಬೇಕು. ಆದ್ರೆ ಕಂಪನಿ ಒಳಗೆ ಚೀಟಿ ಬಳಸ್ತಿದ್ದೋರು ಅದನ್ನ ಬಿಡ್ತಾನೇ ಇರ್ಲಿಲ್ಲ. ಅಂದ್ರೆ ಬಳಸಿ ನೋಡಿದೋರಿಗೆ ಬೇಕು, ಬಳಸದೋರಿಗೆ ಅದು ಏನಂತಾನೇ ಗೊತ್ತಿಲ್ಲ. 1978ರಲ್ಲಿ ಬಾಯ್ಸಿ ಅನ್ನೋ ಊರಲ್ಲಿ ಸ್ಯಾಂಪಲ್ ಸುಮ್ನೆ ಹಂಚಿದ್ರು, ಬಳಸಿದೋರಲ್ಲಿ 90 ಪರ್ಸೆಂಟಿಗೂ ಹೆಚ್ಚು ಜನ ಕೊಂಡ್ಕೋತೀವಿ ಅಂದ್ರು, 1980ರಲ್ಲಿ ಅಮೆರಿಕ ಪೂರ್ತಿ ಮಾರಾಟ ಶುರುವಾಯ್ತು. ಮೊದಲ್ನೇ ಪರೀಕ್ಷೆಯ ಅಂಕಿ ತಪ್ಪಲ್ಲ, ಅದು ಹೇಳಿದ್ದು "ಹಿಂಗೆ ಮಾರಿದ್ರೆ ಹೋಗಲ್ಲ" ಅಂತ, ಅದನ್ನ "ಈ ವಸ್ತು ಬೇಡ" ಅಂತ ಓದ್ಕೊಂಡು ಬಿಟ್ಟಿದ್ರೆ ಅಲ್ಲಿಗೇ ಮುಗೀತಿತ್ತು. ಫೇಲ್ ಆದ ಟೆಸ್ಟ್ ಮುಂದೆ ನಿಂತು ಯಾಕೆ ಅಂತ ಕೇಳೋಕೂ ಕುತೂಹಲಾನೇ ಬೇಕು ನೋಡಿ.

ಎ/ಬಿ ಟೆಸ್ಟ್ ಚಿಕ್ಕ ಬ್ರ್ಯಾಂಡಿಗೆ ಆಗ್ಬರುತ್ತಾ? ಲೆಕ್ಕ ಹಾಕಿ. ನೂರು ಜನ ಬಂದ್ರೆ 5 ಜನ ತಗೋತಿದಾರೆ, ಹೊಸ ಪುಟದಿಂದ ಅದು 6 ಆಯ್ತಾ ಅಂತ ಪತ್ತೆ ಹಚ್ಬೇಕು ಅಂದ್ರೆ, ಸಾಮಾನ್ಯವಾಗಿ ಇಟ್ಕೊಳ್ಳೋ ಮಟ್ಟದ ಖಾತ್ರಿಗೆ ಒಂದೊಂದು ಗುಂಪಿಗೆ ಸುಮಾರು 8,000 ಜನ ಬೇಕು, ಎರಡೂ ಸೇರಿ 16,000. ತಿಂಗಳಿಗೆ ಸಾವಿರ ಜನ ಬರೋ ಸೈಟಿಗೆ ಅದು ವರ್ಷ ದಾಟುತ್ತೆ, ಬಟನ್ ಬಣ್ಣಕ್ಕೋಸ್ಕರ ಅಷ್ಟು ಕಾಯೋದು ಬೆಟ್ಟ ಅಗೆದು ಇಲಿ ಹಿಡಿದಂಗೆ. ಅಂಥೋರು ದೊಡ್ಡ ವ್ಯತ್ಯಾಸ ಇರೋದನ್ನ ಮಾತ್ರ ಟೆಸ್ಟ್ ಮಾಡ್ಲಿ, ಇಲ್ಲಾಂದ್ರೆ ಮಾತಾಡಿಸೋ ದಾರಿ ಹಿಡೀಲಿ. ಟೆಸ್ಟ್ ನಡೀತಿರೋವಾಗ ದಿನಾ ಇಣುಕಿ ನೋಡಿ ಗೆದ್ದಂಗೆ ಕಂಡ ದಿನ ನಿಲ್ಲಿಸೋದು ಅಂತೂ ಮಾಡ್ಲೇಬೇಡಿ. ನಿಜವಾಗ್ಲೂ ಏನೂ ವ್ಯತ್ಯಾಸ ಇಲ್ದೇ ಇರೋ 20 ಟೆಸ್ಟ್ ಮಾಡಿದ್ರೂ, 5 ಪರ್ಸೆಂಟ್ ಮಟ್ಟದಲ್ಲಿ (ಅಂದ್ರೆ ವ್ಯತ್ಯಾಸ ಇಲ್ದಿದ್ರೂ ನೂರಕ್ಕೆ ಐದು ಸಲ ಇದೆ ಅಂತ ತೋರಿಸ್ಬಹುದು ಅಂತ ಒಪ್ಕೊಂಡ ಮಟ್ಟ) ಸರಾಸರಿ ಒಂದು "ಗೆದ್ದಿದೆ" ಅಂತ ತೋರ್ಸುತ್ತೆ, ದಿನಾ ಇಣುಕಿದ್ರೆ ಇನ್ನೂ ಜಾಸ್ತಿ.

ಹಂಗಾದ್ರೆ ಯಾವ್ದಕ್ಕೆ ಯಾವ್ದು

ಹೊಸದಾಗಿ ಏನ್ ಮಾಡೋದು, ಯಾರಿಗೆ ಮಾಡೋದು ಅನ್ನೋ ಹಂತದಲ್ಲಿ ನೋಡೋದು, ಮಾತಾಡಿಸೋದು, ಬಿದ್ದಿರೋ ಡೇಟಾ ಓದೋದು, ಇಷ್ಟೇ. ಈ ಹಂತದಲ್ಲಿ ಸರ್ವೆ ಬೇಡ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ, ಏನ್ ಕೇಳ್ಬೇಕು ಅಂತಾನೇ ಇನ್ನೂ ಗೊತ್ತಿರಲ್ಲ.

ಪ್ಯಾಕ್ ಅಥವಾ ಲೋಗೋ ಬದಲಾಯಿಸೋ ವಿಷಯದಲ್ಲಿ "ಯಾವ್ದು ಚೆನ್ನಾಗಿದೆ" ಅಂತ ಯಾರನ್ನೂ ಕೇಳ್ಬೇಡಿ. ಜ್ಯೂಸ್ ಬ್ರ್ಯಾಂಡ್ ಟ್ರಾಪಿಕಾನಾ 2009ರ ಜನವರೀಲಿ ಹೊಸ ಪ್ಯಾಕ್ ತಂತು, ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ತೆಗ್ದು ಗ್ಲಾಸ್ ಚಿತ್ರ ಹಾಕ್ತು, ಎರಡು ತಿಂಗಳೊಳಗೆ ಮಾರಾಟ ಸುಮಾರು 20 ಪರ್ಸೆಂಟ್ ಇಳೀತು, ಫೆಬ್ರವರಿ ಮುಗಿಯೋ ಮುಂಚೆ ಹಳೇ ಪ್ಯಾಕ್ ವಾಪಸ್ ಅಂತ ಘೋಷಣೆ. ಬಟ್ಟೆ ಬ್ರ್ಯಾಂಡ್ ಗ್ಯಾಪ್ 2010ರ ಅಕ್ಟೋಬರ್‌ನಲ್ಲಿ ಹೊಸ ಲೋಗೋ ಹಾಕಿ ಸುಮಾರು ಒಂದು ವಾರಕ್ಕೇ ತೆಗೀತು. ಅಂಗಡಿ ಶೆಲ್ಫ್ ಮುಂದೆ ನಿಂತೋರು ಪ್ಯಾಕ್ ಓದಲ್ಲ, ಬಣ್ಣ ಆಕಾರ ನೋಡಿ ಕೈ ಹಾಕ್ತಾರೆ. ಆದ್ರಿಂದ ಪರೀಕ್ಷೆ ಹಿಂಗಿರ್ಲಿ: ಹೊಸ ಪ್ಯಾಕನ್ನ ಬೇರೆ ಹತ್ತು ಪ್ಯಾಕ್ ಮಧ್ಯೆ ಇಟ್ಟು, ಹಳೇ ಗಿರಾಕಿಗೆ "ನೀವು ಯಾವಾಗ್ಲೂ ತಗೊಳ್ಳೋದನ್ನ ಎತ್ಕೊಳ್ಳಿ" ಅನ್ನಿ, ಗಡಿಯಾರ ನೋಡಿ. ತಡಕಾಡಿದ್ರೆ ಅದೇ ಉತ್ತರ. ಇದಕ್ಕೆ ದೊಡ್ಡ ಬಜೆಟ್ಟೂ ಬೇಡ, ಒಂದು ಮೇಜು ಸಾಕು.

ಹೆಸರು ಇಡೋದಕ್ಕೆ ಹತ್ತು ಜನರಿಗೆ ಹೆಸರನ್ನ ಬಾಯಲ್ಲಿ ಹೇಳಿ, ಬರ್ಕೊಳ್ಳಿ ಅನ್ನಿ, ಮಾರನೇ ದಿನ ನೆನಪಿದ್ಯಾ ಕೇಳಿ. ಬೆಲೆ ವಿಷಯ ಆದ್ರೆ ಸರ್ವೆ ಮೇಲೆ ನಂಬಿಕೆ ಇಡ್ಬೇಡಿ, "ಇಷ್ಟಾದ್ರೆ ತಗೋತೀನಿ" ಅನ್ನೋ ಬಾಯಿಗೂ ಪರ್ಸ್ ತೆಗೆಯೋ ಕೈಗೂ ದೂರ ಇದೆ, ಚಿಕ್ಕದಾಗಿ ಮಾರಿ ನೋಡೋದೇ ದಾರಿ. ಜಾಹೀರಾತಿನ ಮಾತಿಗೆ ರಿವ್ಯೂ ಪದಗಳಿಂದ ಶುರು ಮಾಡಿ, ಬರೋ ಜನ ಸಾಕಷ್ಟಿದ್ರೆ ಎ/ಬಿ.

ಇನ್ನೊಂದು ಅಳತೆ ನಾನು ಯಾವಾಗ್ಲೂ ಇಟ್ಕೊಳ್ಳೋದು, ನಿರ್ಧಾರ ತಪ್ಪಾದ್ರೆ ವಾಪಸ್ ತಗೋಬಹುದಾ ಅನ್ನೋದು. ಸೈಟ್ ಮೇಲಿನ ಒಂದು ಸಾಲು ನಾಳೆ ಬದಲಾಯಿಸ್ಬಹುದು, ಅದಕ್ಕೆ ಎರಡು ವಾರ ಸಂಶೋಧನೆ ಬೇಡ, ನೋಡಿದ್ದು ನಂಬಿ ಹಾಕಿ. ಹೆಸರು, ಪ್ಯಾಕ್ ಅಚ್ಚು, ಹಳೇ ವಸ್ತು ನಿಲ್ಲಿಸೋದು, ಇವು ವಾಪಸ್ ಬರೋದು ಕಷ್ಟ, ಇಲ್ಲಿ ಕನಿಷ್ಠ ಎರಡು ಬೇರೆ ಬೇರೆ ಥರದ ದಾರಿ ಒಂದೇ ಕಡೆ ಕೈ ತೋರಿಸೋ ತನಕ ಸಹಿ ಹಾಕ್ಬೇಡಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನೋದು ಇಂಥ ಕಡೆಗೇ ಹೇಳಿ ಮಾಡ್ಸಿದ ಮಾತು. ಎರಡು ದಾರಿ ಬೇರೆ ಬೇರೆ ಕಡೆ ತೋರಿಸಿದ್ರೆ ಗಾಬರಿ ಆಗ್ಬೇಡಿ, ಒಂದನ್ನ ಒತ್ತಿ ಹಾಕ್ಬೇಡಿ, ಬಹುಶಃ ನಮ್ಮ ನೋಟ್‌ಬುಕ್ ಥರ ಎರಡೂ ಬೇರೆ ಬೇರೆ ಜನರ ಬಗ್ಗೆ ಮಾತಾಡ್ತಿರ್ತಾವೆ.

ಇನ್ನು ಶುರು ಮಾಡೋದು ಹೆಂಗೆ ಅಂದ್ರೆ, ಒಂದು ಹಾಳೆ ತಗೊಳ್ಳಿ. ಮೇಲೆ ನಿರ್ಧಾರ ಬರೀರಿ, ಕೆಳಗೆ "ಇಂಥಾದ್ದು ಗೊತ್ತಾದ್ರೆ ಮಾಡ್ತೀವಿ, ಇಂಥಾದ್ದು ಗೊತ್ತಾದ್ರೆ ಬಿಡ್ತೀವಿ" ಅಂತ ಎರಡು ಸಾಲು, ಹುಡುಕೋ ಮುಂಚೇನೇ ಬರೀಬೇಕು, ಅಂಕಿ ಬಂದ್ಮೇಲೆ ಬರೆದ್ರೆ ಬಂದಿದ್ದಕ್ಕೆ ತಕ್ಕಂಗೆ ಮನಸ್ಸು ಬರ್ಕೊಂಡು ಬಿಡುತ್ತೆ. ಎರಡು ಸಾಲು ಬರೆಯೋಕೆ ಬರ್ಲಿಲ್ಲ ಅಂದ್ರೆ ಇನ್ನೂ ಸಂಶೋಧನೆ ಶುರು ಮಾಡ್ಬೇಡಿ, ಯಾವ ಉತ್ತರ ಬಂದ್ರೂ ಮಾಡೋದು ಅದನ್ನೇ ಅಂತ ಇದ್ರೆ ಆ ದುಡ್ಡನ್ನ ಪೇಪರ್ ಕ್ವಾಲಿಟಿಗೆ ಹಾಕಿ. ಪಕ್ಕದಲ್ಲಿ ದಿನಾ ನೋಡಿದ್ದು ಬರೆಯೋಕೆ ಇನ್ನೊಂದು ಹಾಳೆ, ತಾರೀಖು, ಏನ್ ಕಂಡೆ, ಏನಂದ್ಕೊಂಡೆ, ಇವೆರಡನ್ನ ಬೇರೆ ಬೇರೆ ಕಾಲಮ್ಮಲ್ಲಿ. "ಮುಚ್ಚಳ ಹಲ್ಲಲ್ಲಿ ತೆಗೆದ್ರು" ಅನ್ನೋದು ಕಂಡಿದ್ದು, "ಮುಚ್ಚಳ ಬಿಗಿ" ಅನ್ನೋದು ಅಂದ್ಕೊಂಡಿದ್ದು, ಅವ್ರ ಇನ್ನೊಂದು ಕೈಯಲ್ಲಿ ಮಗು ಇದ್ದಿರ್ಬಹುದು.

ನೋಟ್‌ಬುಕ್ ಏನಾಯ್ತು ಅಂದ್ರೆ, ಹೊದಿಕೆ ಮತ್ತೆ ಸೈಟ್ ಮೇಲಿನ ಮಾತೆಲ್ಲ ಕೊಡೋರಿಗೆ ಅಂತ ಬರೆದ್ವಿ. ಒಳಗೆ ಕೊನೇ ಎಂಟು ಪುಟ ಗೆರೆ ಇಲ್ದೇ ಖಾಲಿ ಬಿಟ್ವಿ, ಅದರ ಬಗ್ಗೆ ಹೊರಗೆ ಎಲ್ಲೂ ಹೇಳ್ಲಿಲ್ಲ, ಸಿಕ್ಕೋರಿಗೆ ತಾನಾಗೇ ಸಿಗ್ಲಿ ಅಂತ. ಈಗ ಮುಂದಿರೋ ಪ್ರಶ್ನೆ, ಉಡುಗೊರೆ ಸಿಕ್ಕೋರು ಪುಸ್ತಕ ಮುಗಿದ್ಮೇಲೆ ತಮಗೋಸ್ಕರ ಇನ್ನೊಂದು ತಗೋತಾರಾ ಅನ್ನೋದು. ಅದಕ್ಕೆ ಸರ್ವೆ ಮಾಡ್ತಿಲ್ಲ. ಹಿಂದಿನ ಹೊದಿಕೆ ಒಳಗೆ ಒಂದು ಚಿಕ್ಕ ಕೋಡ್ ಹಾಕಿದೀವಿ, ಆ ಕೋಡಿಂದ ಬರೋ ಆರ್ಡರ್‌ಗಳಲ್ಲಿ ಬಿಲ್ ಹೆಸರೂ ಪಾರ್ಸಲ್ ಹೆಸರೂ ಒಂದೇ ಇದ್ಯಾ ಅಂತ ತಿಂಗಳಿಗೊಮ್ಮೆ ಶೀಟ್ ತೆಗೆದು ನೋಡ್ತಿದೀವಿ.